ತೂಕ ಸರಿ, ವಯಸ್ಸು?

ಲೆಪರ್ಡ್ ಗೆಕೊ ಸಾಕುವ ಅಮೆರಿಕ, ಯುರೋಪಿನ ಹವ್ಯಾಸಿಗಳಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ: ಹೆಣ್ಣು 45–50 ಗ್ರಾಂ ತೂಗಿತೆಂದರೆ ಗಂಡಿನ ಜೊತೆ ಬಿಡಬಹುದು. ಪಾಕಿಸ್ತಾನ, ಅಫ್ಘಾನಿಸ್ತಾನಗಳ ಒಣ ಕಲ್ಲುನೆಲದಿಂದ ಬಂದ ಈ ಚುಕ್ಕೆಹಲ್ಲಿಗೆ ನಮ್ಮ ಮನೆಹಲ್ಲಿಗಿಲ್ಲದ ಕಣ್ರೆಪ್ಪೆಯಿದೆ. ಸ್ವಭಾವ ಸಾಧು. ಪೆಟ್ಟಿಗೆಯಲ್ಲಿಟ್ಟರೂ ಸಲೀಸಾಗಿ ಮರಿ ಮಾಡುತ್ತದೆ. ಆ ಸಲೀಸೇ ಅದಕ್ಕೆ ಕುತ್ತಾಗಿದೆ.

ತಕ್ಕಡಿಯನ್ನು ನಾನು ತಳ್ಳಿಹಾಕುವುದಿಲ್ಲ. ಕಣ್ಣಂದಾಜಿಗಿಂತ ಅದು ಎಷ್ಟೋ ಮೇಲು. ತೀರಾ ಎಳೆಯ ಹೆಣ್ಣನ್ನು ಜೋಡಿ ಮಾಡುವ ಆತುರಕ್ಕೆ ತಡೆಹಾಕುತ್ತದೆ. ಆದರೆ ಅದು ಕೊಬ್ಬನ್ನೂ ಮೂಳೆಯನ್ನೂ ಬೇರೆಬೇರೆಯಾಗಿ ತೂಗಲಾರದು. ಈ ಹಲ್ಲಿ ಬಾಲದಲ್ಲಿ ಕೊಬ್ಬು ಕೂಡಿಡುತ್ತದೆ. ಮೇಣದ ಪತಂಗದ ಕೊಬ್ಬಿದ ಹುಳುಗಳನ್ನು ಧಾರಾಳವಾಗಿ ತಿನ್ನಿಸಿದರೆ ವರ್ಷ ತುಂಬದ ಹೆಣ್ಣೂ 45 ಗ್ರಾಂ ಮುಟ್ಟೀತು. ಮೊಟ್ಟೆ ಕಟ್ಟುವಾಗ ಬೇಕಾಗುವುದು ಕ್ಯಾಲ್ಸಿಯಂ. ಆಹಾರದಲ್ಲಿ ಅದೂ ಡಿ3 ಜೀವಸತ್ವವೂ ಸಾಲದಾದರೆ ತಾಯಿಯ ಮೂಳೆಯೇ ಸವೆಯುತ್ತದೆ: ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೇ ಬರುತ್ತದೆ.

ಹೊಟ್ಟೆಯ ತೆಳುಚರ್ಮದಡಿ ದುಂಡನೆಯ ಅಂಡಗಳು ಕಂಡರೆ ಸಿದ್ಧವಾಯಿತೆನ್ನುವವರೂ ಇದ್ದಾರೆ. ಗಂಡಿನ ಸುಳಿವೇ ಇಲ್ಲದ ಹೆಣ್ಣೂ ಅಂಡ ಬಿಟ್ಟು ಬರಡು ಮೊಟ್ಟೆ ಇಡುತ್ತದೆ. ಆ ಗುರುತು ಋತು ಬಂದಿದೆ ಎಂದು ತಿಳಿಸುತ್ತದೆ, ತಾಯಿಗೆ ತಾಳುವ ಶಕ್ತಿ ಬಂದಿದೆ ಎಂದಲ್ಲ.

ಇಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ದಾರಿಯಿಲ್ಲ ಎಂಬುದೇ ನನ್ನ ಕಳವಳ. ಹೆಣ್ಣು ವೀರ್ಯವನ್ನು ಒಡಲಲ್ಲೇ ಕಾಪಿಟ್ಟುಕೊಳ್ಳಬಲ್ಲದು. ಒಮ್ಮೆ ಕೂಡಿದರೂ ಸಾಕು, ಕೆಲವು ವಾರಗಳಿಗೊಮ್ಮೆ ಎರಡೆರಡರಂತೆ ಋತುವಿನುದ್ದಕ್ಕೂ ಮೊಟ್ಟೆ ಇಡುತ್ತಾ ಹೋಗುತ್ತದೆ. ಸೊರಗಿತೆಂದು ಗಂಡನ್ನು ಬೇರೆ ಮಾಡಿದರೂ ಮೊಟ್ಟೆ ನಿಲ್ಲುವುದಿಲ್ಲ. ಆದ್ದರಿಂದ ಒಂದು ದಿನದ ತೂಕಕ್ಕಿಂತ ತಿಂಗಳುಗಟ್ಟಲೆ ಬರೆದಿಟ್ಟ ತೂಕದ ಪುಸ್ತಕವನ್ನೇ ನಾನು ನಂಬುತ್ತೇನೆ. ವಯಸ್ಸು ಒಂದೂವರೆ ವರ್ಷವಾದರೂ ದಾಟಿರಬೇಕು. ತೂಕ ಏರುಪೇರಿಲ್ಲದೆ ನಿಂತಿರಬೇಕು. ಬಾಲ ಕತ್ತಿನಷ್ಟಾದರೂ ದಪ್ಪಗಿರಬೇಕು. ಹಿಂದೆ ಮೊಟ್ಟೆಯಿಟ್ಟ ಹೆಣ್ಣಾದರೆ ಕಳೆದುಕೊಂಡ ಮೈಯೆಲ್ಲ ಮರಳಿರಬೇಕು. ಮರಳದಿದ್ದರೆ ಆ ವರ್ಷ ಪೂರ್ತಿ ವಿಶ್ರಾಂತಿ. ಗಂಡಿನ ವಿಷಯದಲ್ಲಿ ಇಷ್ಟು ಚಿಂತೆ ಬೇಡ, ಅದರ ಮೈಮೇಲೆ ಇಂಥ ಹೊರೆ ಬೀಳುವುದಿಲ್ಲ.

ಇಷ್ಟೆಲ್ಲ ಕೂಡಿಬಂದರೂ ಕೆಲವನ್ನು ಜೋಡಿ ಮಾಡಲೇಬಾರದು. 'ಲೆಮನ್ ಫ್ರಾಸ್ಟ್' ಎಂಬ ಬಿಳಿಹಳದಿ ಬಣ್ಣದ ತಳಿಗೆ ಒಂದು ಕಾಲದಲ್ಲಿ ಭಾರಿ ಬೆಲೆಯಿತ್ತು. ಆ ಬಣ್ಣ ಕೊಡುವ ವಂಶವಾಹಿ ಇರುವ ಹಲ್ಲಿಗಳಲ್ಲಿ ಶೇ 80ಕ್ಕೂ ಹೆಚ್ಚಿನವುಗಳಿಗೆ ಚರ್ಮದ ಗೆಡ್ಡೆ ಬರುತ್ತದೆಂದು 2021ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಗೆಡ್ಡೆ ಕಾಣುವ ಹೊತ್ತಿಗೆ ಅಂಥ ಹೆಣ್ಣು 50 ಗ್ರಾಂ ದಾಟಿ, ತನ್ನ ಮರಿಗಳಿಗೂ ಆ ವಂಶವಾಹಿಯನ್ನು ಕೊಟ್ಟು ಮುಗಿದಿರಬಹುದು.