ಕರ್ತೃವಿಲ್ಲದ ವಾಕ್ಯಗಳು

ಕನ್ನಡದಲ್ಲಿ ಇಂಗ್ಲಿಷು ಬೆರೆಯುತ್ತಿದೆಯೆಂದು ಕೊರಗುವವರು ಸಾಮಾನ್ಯವಾಗಿ ಬೆರಳು ಮಾಡಿ ತೋರಿಸುವುದು ಶಬ್ದಗಳನ್ನು. ಬಸ್ಸು, ಟಿಕೆಟ್ಟು, ಕಾಲೇಜುಗಳ ಸಾಲಿಗೆ ಈಗ ಮೊಬೈಲೂ ಸೇರಿದೆ. ಈ ಶಬ್ದಗಳ ವಿಷಯದಲ್ಲಿ ನನಗೆ ಅಂಥ ಭಯವೇನೂ ಇಲ್ಲ. 'ಬಸ್ಸಿನಿಂದ ಇಳಿದ', 'ಮೊಬೈಲಿಗೆ ಕಾಸು ಹಾಕಿದ' ಎಂದ ಕೂಡಲೆ ಅವು ನಮ್ಮ ವಿಭಕ್ತಿಯನ್ನು ತೊಟ್ಟು ನಮ್ಮ ಪಂಕ್ತಿಯಲ್ಲೇ ಕುಳಿತುಬಿಡುತ್ತವೆ. ಯೋಚಿಸಬೇಕಾದದ್ದು ಇದರ ತಿರುವುಮುರುವಾದ ಸಂಗತಿ: ವಾಕ್ಯದಲ್ಲಿ ಇಂಗ್ಲಿಷ್ ಶಬ್ದ ಒಂದೂ ಇಲ್ಲ, ಆದರೂ ವಾಕ್ಯ ಇಂಗ್ಲಿಷಿನದು. ಮೈಮೇಲಿನ ಬಟ್ಟೆ ನಮ್ಮದು, ಒಳಗಿನ ಎಲುಬು ಬೇರೆಯವರದು.

ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥವನಿಗೆ ಇದು ನಿತ್ಯದ ನೋಟ. "ಪಂಪನು ಒಬ್ಬ ಶ್ರೇಷ್ಠ ಕವಿಯಾಗಿದ್ದಾನೆ" ಎಂದು ವಿದ್ಯಾರ್ಥಿ ಬರೆಯುತ್ತಾನೆ. ಕನ್ನಡಕ್ಕೆ "ಪಂಪ ಶ್ರೇಷ್ಠ ಕವಿ" ಎಂದರೆ ಸಾಕು. ಅಲ್ಲಿಗೆ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಕಾವಲುಗಾರನಂತೆ ನಿಲ್ಲುವ 'ಎ' ಇಲ್ಲಿ 'ಒಬ್ಬ' ಆಯಿತು. 'ಈಸ್' ಎಂಬುದು 'ಆಗಿದ್ದಾನೆ' ಆಯಿತು. ನಮ್ಮ ಮಾತಿನಲ್ಲಿ "ತಮ್ಮ ಮೇಷ್ಟರಾಗಿದ್ದಾನೆ" ಎಂದರೆ ಮೊದಲು ಆಗಿರಲಿಲ್ಲ, ಈಗ ಕೆಲಸ ಸಿಕ್ಕಿದೆ ಎಂಬ ಧ್ವನಿ. ಹತ್ತನೆಯ ಶತಮಾನದ ಪಂಪನಿಗೆ ಹೋದ ತಿಂಗಳು ಕವಿಯ ಹುದ್ದೆ ದೊರೆತಂತೆ ಕೇಳಿಸುತ್ತದೆ!

ಇದು ನಗು ಬರಿಸುವ ದೋಷ. 'ಹೊಂದು' ಎಂಬ ಕ್ರಿಯಾಪದದ ಹಾವಳಿ ಇನ್ನೂ ಆಳಕ್ಕೆ ಇಳಿದಿದೆ. "ಅವರು ಎರಡು ಎಕರೆ ತೋಟವನ್ನು ಹೊಂದಿದ್ದಾರೆ", "ಮರವು ನುಸಿರೋಗವನ್ನು ಹೊಂದಿದೆ" ಎಂಬ ವಾಕ್ಯಗಳನ್ನು ಅಚ್ಚಿನಲ್ಲಿ ಓದುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ತೋಟದಲ್ಲೂ ಇವನ್ನು ಕಿವಿಯಿಂದ ಕೇಳಲಾರಿರಿ. ಅಲ್ಲಿ "ಅವರಿಗೆ ಎರಡು ಎಕರೆ ತೋಟ ಇದೆ", "ಮರಕ್ಕೆ ನುಸಿ ಬಿದ್ದಿದೆ" ಎನ್ನುತ್ತಾರೆ. ಇಂಗ್ಲಿಷಿನವನು ತೋಟವನ್ನೂ ಜ್ವರವನ್ನೂ ಮಗಳನ್ನೂ ಒಂದೇ ಕ್ರಿಯಾಪದದಿಂದ ಹಿಡಿದುಕೊಳ್ಳುತ್ತಾನೆ. ಕನ್ನಡದಲ್ಲಿ ತೋಟ ನಮಗೆ ಇದೆ, ಜ್ವರ ನಮಗೆ ಬರುತ್ತದೆ, ಹಸಿವು ನಮಗೆ ಆಗುತ್ತದೆ. ಚತುರ್ಥಿಯ ಪುಟ್ಟ 'ಗೆ' ಇಷ್ಟು ಬಗೆಯ ಸಂಬಂಧಗಳನ್ನು ಬೇರೆ ಬೇರೆಯಾಗಿ ತೂಗುತ್ತದೆ. 'ಹೊಂದು' ಬಂದು ಆ ತಕ್ಕಡಿಯನ್ನೇ ಕಿತ್ತುಹಾಕಿದೆ.

ಇನ್ನು ಕ್ರಿಯೆಗಳನ್ನು ಹೆಣೆಯುವ ರೀತಿ. ನಮ್ಮ ಕಡೆಯ ಬೆಳೆಗಾರ ವರ್ಷದ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ: "ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಹನ್ನೊಂದು ತಿಂಗಳು ಬಿಟ್ಟು, ಸುಲಿದು, ಒಡೆದು, ಕೊಬ್ಬರಿ ತೆಗೆದು ಮಂಡಿಗೆ ಹಾಕಿದೆ." ಆರು ಕೃದಂತಗಳು ಸರದ ಮಣಿಗಳಂತೆ ಸಾಲಾಗಿ ಬಂದು ಕೊನೆಯ 'ಹಾಕಿದೆ'ಯಲ್ಲಿ ಗಂಟು ಬೀಳುತ್ತವೆ. 'ನಾನು' ಎಂಬ ಮಾತೇ ಇಲ್ಲ. ಆದರೂ ಮಾಡಿದವನು ಯಾರೆಂದು ಕ್ರಿಯಾಪದದ ಬಾಲವೇ ಹೇಳುತ್ತದೆ. ಇದನ್ನೇ ಕರಪತ್ರದ ಭಾಷೆಗೆ ತಿರುಗಿಸಿ: "ಕಾಯಿಗಳನ್ನು ಕೊಯ್ಲು ಮಾಡಲಾಗುತ್ತದೆ ಮತ್ತು ಅಟ್ಟದಲ್ಲಿ ಸಂಗ್ರಹಿಸಲಾಗುತ್ತದೆ ಮತ್ತು ನಂತರ ಸಿಪ್ಪೆಯನ್ನು ತೆಗೆಯಲಾಗುತ್ತದೆ." ದಾರ ಹರಿಯಿತು, ಮಣಿಗಳು ಚೆಲ್ಲಿದವು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಮರ ಹತ್ತಿದವನೂ ಕಾಯಿ ಸುಲಿದವನೂ ವಾಕ್ಯದಿಂದಲೇ ಕಾಣೆಯಾದರು.

ಇಲ್ಲಿಗೆ ಇದು ಬರಿಯ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ಕಾಲದಲ್ಲಿ ಹೊರಡುವ ಪ್ರಕಟಣೆಗಳ ಧಾಟಿ ವಾಚಕರಿಗೆ ಪರಿಚಿತವೇ. ಕೊಬ್ಬರಿಯನ್ನು ಖರೀದಿಸಲಾಗುವುದು, ಗುಣಮಟ್ಟವಿಲ್ಲದ್ದನ್ನು ತಿರಸ್ಕರಿಸಲಾಗುವುದು, ಹಣವನ್ನು ಖಾತೆಗೆ ಜಮಾ ಮಾಡಲಾಗುವುದು. ಕೊಳ್ಳುವವರು ಯಾರು? ಚೀಲ ಬಿಚ್ಚಿ ನೋಡಿ ಬೇಡವೆನ್ನುವವರು ಯಾರು? ಹಣ ಬರದಿದ್ದರೆ ಯಾರ ಬಾಗಿಲು ತಟ್ಟಬೇಕು? ವಾಕ್ಯಕ್ಕೆ ಉತ್ತರವಿಲ್ಲ, ಏಕೆಂದರೆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ವ್ಯಾಕರಣದ ದೃಷ್ಟಿಯಿಂದಲೂ ಇದು ವಿಚಿತ್ರ. ಕರ್ಮಣಿ ಪ್ರಯೋಗವಾಗಿದ್ದರೆ ಕರ್ಮಪದ ಪ್ರಥಮೆಗೆ ಬರಬೇಕಾಗಿತ್ತು. ಇಲ್ಲಿ 'ಕೊಬ್ಬರಿಯನ್ನು' ಎಂಬ ದ್ವಿತೀಯೆ ಹಾಗೆಯೇ ನಿಂತಿದೆ. ಕರ್ತರಿಯೂ ಅಲ್ಲ, ಕರ್ಮಣಿಯೂ ಅಲ್ಲ. ಕರ್ತೃವನ್ನು ಸೇರಿಸ ಹೊರಟರೆ ಇನ್ನೊಂದು ತೊಡಕು: "ವರ್ತಕರಿಂದ ಕೊಬ್ಬರಿಯನ್ನು ಖರೀದಿಸಲಾಗುವುದು." ವರ್ತಕರು ಕೊಳ್ಳುತ್ತಾರೋ, ವರ್ತಕರ ಹತ್ತಿರ ಬೇರೆಯವರು ಕೊಳ್ಳುತ್ತಾರೋ? ಇಂಗ್ಲಿಷಿನಲ್ಲಿ 'ಬೈ' ಬೇರೆ, 'ಫ್ರಂ' ಬೇರೆ. ನಮ್ಮ 'ಇಂದ' ಎರಡು ಹೊರೆಯನ್ನೂ ಹೊತ್ತು ಮುಗ್ಗರಿಸುತ್ತದೆ.

ಸರ್ಕಾರದ ಮಾತು ವ್ಯಕ್ತಿಯ ಮಾತಲ್ಲ, ಅಲ್ಲಿ ಹೆಸರು ಹೇಳಲಾಗದು ಎಂದು ಕೆಲವರು ವಾದಿಸಬಹುದು. ಹೆಸರು ಬೇಡವಾದಾಗ ಹೇಳುವ ದಾರಿ ಕನ್ನಡದಲ್ಲಿಯೇ ಇದೆ: "ಇಲ್ಲಿ ಕೊಬ್ಬರಿ ಕೊಳ್ಳುತ್ತಾರೆ." ಈ 'ಆರೆ'ಯಲ್ಲಿ ಹೆಸರಿಲ್ಲ, ಆದರೆ ಜನರಿದ್ದಾರೆ, ಕೊಳ್ಳುವವರು ಯಾರೆಂದು ಕೇಳಲು ಅವಕಾಶವಿದೆ. 'ಲಾಗುವುದು' ಎಂಬಲ್ಲಿ ಆ ಅವಕಾಶವೂ ಇಲ್ಲ.

'ಪಡು' ಸೇರಿಸಿದ ಕರ್ಮಣಿರೂಪ ಇಂಗ್ಲಿಷಿನಿಂದಲೇ ಹುಟ್ಟಿತೆಂದರೆ ಸುಳ್ಳಾಗುತ್ತದೆ. ಸಂಸ್ಕೃತ ಗ್ರಂಥಗಳಿಗೆ ಬರೆದ ಹಳೆಯ ಟೀಕೆಗಳಲ್ಲಿಯೂ ಅದು ಉಂಟು. ಆದರೆ ಅದು ಟೀಕೆಯ ಮನೆಯೊಳಗೇ ಇತ್ತು, ಬೀದಿಗೆ ಇಳಿದಿರಲಿಲ್ಲ. ೧೮೫೬ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಈ ಭಾಷೆಗಳಲ್ಲಿ ನಿಜವಾದ ಕರ್ಮಣಿ ಪ್ರಯೋಗವಿಲ್ಲವೆಂದು ಆಗಲೇ ಗುರುತಿಸಿದ್ದ. ಅದನ್ನು ಬೀದಿಗೆ ಇಳಿಸಿದ್ದು ಅನುವಾದದ ಅವಸರ. ಪತ್ರಿಕಾಲಯಗಳಲ್ಲಿ ಇಂಗ್ಲಿಷಿನ ತಂತಿಸುದ್ದಿಯನ್ನು ರಾತ್ರೋರಾತ್ರಿ ಕನ್ನಡಿಸಬೇಕಾಗಿತ್ತು. ೧೯೬೩ರ ಆಡಳಿತ ಭಾಷೆಯ ಅಧಿನಿಯಮದ ತರುವಾಯ ಕಚೇರಿಗಳಿಗೆ ಕನ್ನಡ ಬಂತು, ನಿಜ. ಆದರೆ ಕಡತದ ಭಾಷೆ ಬದಲಾಯಿತೇ ಹೊರತು ಕಡತದ ವಾಕ್ಯ ಬದಲಾಗಲಿಲ್ಲ.

ಇಂಗ್ಲಿಷನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಕ್ಕು ನಮ್ಮ ಈ ತೆಂಗಿನ ಸೀಮೆಗಂತೂ ಇಲ್ಲ. ಬಿ.ಎಂ.ಶ್ರೀ. ೧೮೮೪ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವರು ೧೯೧೧ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ೧೯೨೬ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟವಾಯಿತು. ನ್ಯೂಮನ್ನನ ಪ್ರಾರ್ಥನೆಯನ್ನು ಅವರು ಕನ್ನಡಿಸಿದಾಗ ಭಾವವನ್ನು ತಂದರು, ಛಂದಸ್ಸಿಗೆ ಹೊಸ ನಡಿಗೆ ಕಲಿಸಿದರು. ವಾಕ್ಯದ ಎಲುಬನ್ನು ಮಾತ್ರ ಕನ್ನಡದ್ದೇ ಇಟ್ಟುಕೊಂಡರು. ಆದ್ದರಿಂದಲೇ ಇಂಗ್ಲಿಷಿನ ಗಂಧವಿಲ್ಲದವರೂ ಅದನ್ನು ಹಾಡಿಕೊಳ್ಳುತ್ತಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಅವರೂ ಹಾಗೆಯೇ. 'ಭಾರತೀಯ ಕಾವ್ಯಮೀಮಾಂಸೆ'ಯಂಥ ಪಾಂಡಿತ್ಯದ ಗ್ರಂಥವನ್ನು ಓದುವಾಗಲೂ ಎದುರಿಗೆ ಕುಳಿತು ಮೇಷ್ಟರು ಹೇಳುತ್ತಿದ್ದಾರೆ ಎನ್ನಿಸುತ್ತದೆ. 'ಕನ್ನಡ ಮಧ್ಯಮ ವ್ಯಾಕರಣ' ಬರೆದ ಕೈ ಅದು. ಪಡೆಯುವುದು ಬೇರೆ, ಪಡಿಯಚ್ಚು ಒತ್ತುವುದು ಬೇರೆ ಎಂಬುದಕ್ಕೆ ಈ ಇಬ್ಬರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶುದ್ಧ ಕನ್ನಡದ ವ್ರತ ಹಿಡಿಯಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಎರಡೇ ಮಾತು: ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿ, ಮನೆಯಲ್ಲಿ ಅಜ್ಜಿ ಹೀಗೆ ಹೇಳುತ್ತಿದ್ದರೇ ಎಂದು ನೋಡಿರಿ, ಆಮೇಲೆ ಕ್ರಿಯಾಪದವನ್ನು ಹಿಡಿದು 'ಯಾರು?' ಎಂದು ಕೇಳಿರಿ. ಇದೇ ಪರೀಕ್ಷೆಯನ್ನು ಪತ್ರಿಕೆಯವರೂ ಕಚೇರಿಯವರೂ ಪ್ರಕಟಣೆ ಹೊರಡಿಸುವ ಮುನ್ನ ನಡೆಸಿದರೆ, ಕೊಬ್ಬರಿಯ ಚೀಲವನ್ನು ವಾಪಸು ಹೊತ್ತುಕೊಂಡು ಬರಬೇಕಾದ ರೈತನಿಗೆ ಯಾರನ್ನು ಕೇಳಬೇಕೆಂಬುದಾದರೂ ತಿಳಿದೀತು.