ಊರ ಪಕ್ಕಕ್ಕೆ ಕಾಡು ಬಂದ ಲೆಕ್ಕ
ಯೋಹಾನ್ ಹೈನ್ರಿಖ್ ಫಾನ್ ಥ್ಯೂನೆನ್ ಹೊಲ ಮಾಡಿಸುತ್ತಲೇ ಸಿದ್ಧಾಂತ ಕಟ್ಟಿದವನು. ಉತ್ತರ ಜರ್ಮನಿಯ ಟೆಲ್ಲೋದಲ್ಲಿ 1810ರಲ್ಲಿ ಜಮೀನು ಕೊಂಡು, ಬೇಸಾಯದ ಖರ್ಚು, ಹುಟ್ಟುವಳಿ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟ. ಆ ಲೆಕ್ಕದ ಬಲದಿಂದಲೇ 1826ರಲ್ಲಿ ‘ಒಂಟಿ ರಾಜ್ಯ’ ಎಂಬ ಆತನ ಪುಸ್ತಕದ ಮೊದಲ ಭಾಗ ಹೊರಬಂತು.

ಅದರಲ್ಲಿ ಆತ ಊಹಿಸಿಕೊಂಡದ್ದು ಗುಡ್ಡವಿಲ್ಲದ, ನದಿಯಿಲ್ಲದ ಬಯಲು. ನಡುವೆ ಒಂದೇ ಪಟ್ಟಣ. ಮಣ್ಣು ಎಲ್ಲೆಡೆ ಒಂದೇ. ಹಾಗಾದರೆ ಯಾವ ಬೆಳೆ ಎಲ್ಲಿ? ಪಟ್ಟಣದ ಸುತ್ತ ಉಂಗುರ ಉಂಗುರವಾಗಿ, ಎಂಬುದು ಆತನ ಉತ್ತರ. ಬೇಗ ಕೆಡುವ ಹಾಲು, ತರಕಾರಿ ಪಟ್ಟಣದ ಮಗ್ಗುಲಲ್ಲೇ. ಅದರಾಚೆಗೆ ಕಾಡು! ನನಗೆ ಬಲು ಇಷ್ಟವಾದ ಭಾಗವಿದು. ಸೌದೆ ಬಲು ಭಾರ, ಬೆಲೆಯೋ ಕಡಿಮೆ; ದೂರದಿಂದ ತಂದರೆ ಸಾಗಣೆಯ ಖರ್ಚೇ ಲಾಭವನ್ನು ನುಂಗಿಹಾಕುತ್ತದೆ. ಆಮೇಲೆ ಧಾನ್ಯದ ಹೊಲಗಳು. ಕೊನೆಯ ಉಂಗುರದಲ್ಲಿ ದನಕರು, ಏಕೆಂದರೆ ಅವು ತಾವೇ ನಡೆದು ಪೇಟೆಗೆ ಬರುತ್ತವೆ. ಗಾಡಿ ಎಳೆಯುವ ಕುದುರೆಗಳು ದಾರಿಯಲ್ಲಿ ತಿನ್ನುವ ಧಾನ್ಯವನ್ನೂ ಆತ ಲೆಕ್ಕದಿಂದ ಬಿಟ್ಟಿಲ್ಲ. ಎಂಥ ಶ್ರದ್ಧೆ!

ರೈಲು ಬಂದ ಮೇಲೆ ಆ ಉಂಗುರಗಳು ಚದುರಿದವು, ನಿಜ. ಆದರೆ ದೋಣಿ ಸಾಗುವ ನದಿಯೊಂದು ಹರಿದರೆ ಉಂಗುರಗಳು ದಂಡೆಗುಂಟ ಉದ್ದವಾಗುತ್ತವೆಂದು ಥ್ಯೂನೆನ್ ತಾನೇ ತೋರಿಸಿದ್ದ. ತಾನು ಹಾಕಿದ ಷರತ್ತನ್ನು ತಾನೇ ಸಡಿಲಿಸಿ ನೋಡುವ ಈ ಪ್ರಾಮಾಣಿಕತೆಗೇ ನಾನು ಮನಸೋತದ್ದು.