ಗೋಖಲೆ ಪರಂಪರೆ: ವ್ರತ ಮತ್ತು ವಿಶ್ವಾಸ

ಸಾರ್ವಜನಿಕ ಜೀವನಕ್ಕೆ ಆಧ್ಯಾತ್ಮದ ತಳಹದಿ ಬೇಕು ಎಂದು ಗೋಪಾಲಕೃಷ್ಣ ಗೋಖಲೆ ನಂಬಿದ್ದರು. ಈ ಮಾತು ಕೇಳಿದೊಡನೆ ಇಂದಿನ ಓದುಗನಿಗೆ ಮೆರವಣಿಗೆ, ಜೈಕಾರ, ದೇವರ ಹೆಸರಿನ ಮತಯಾಚನೆ ಕಣ್ಣಮುಂದೆ ಬಂದೀತು. ಗೋಖಲೆಯವರು ಬಯಸಿದ್ದು ಅದಕ್ಕಿಂತ ಬಹಳ ಕಠಿಣವಾದದ್ದು. 1905ರ ಜೂನ್ 12ರಂದು ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸ್ಥಾಪಿಸಿದಾಗ ಸದಸ್ಯರಿಗೆ ಏಳು ವ್ರತಗಳನ್ನು ವಿಧಿಸಿದರು. ಅವುಗಳಲ್ಲಿ ಕೆಲವು ಇವು: ಮನಸ್ಸಿನಲ್ಲಿ ದೇಶಕ್ಕೇ ಮೊದಲ ಸ್ಥಾನ. ಸೇವೆಯಿಂದ ಸ್ವಂತ ಲಾಭವಿಲ್ಲ. ಜಾತಿ ಮತ ಎಣಿಸದೆ ಎಲ್ಲ ಭಾರತೀಯರೂ ಸೋದರರು. ಸೊಸೈಟಿ ಕೊಟ್ಟಷ್ಟರಲ್ಲಿ ಸಂಸಾರ. ಯಾರೊಡನೆಯೂ ವೈಯಕ್ತಿಕ ಜಗಳವಿಲ್ಲ. ಭಕ್ತಿಯನ್ನು ನಡತೆಯಲ್ಲಿ ತೋರಿಸು ಎಂಬ ಈ ಕಟ್ಟುಪಾಡನ್ನು ನಾನು ಮನಸಾರೆ ಗೌರವಿಸುತ್ತೇನೆ.

ದೇಶಭಕ್ತಿಯೂ ಅವರಿಗೆ ದುಡಿಮೆಯೇ. ಗುರು ಮಹಾದೇವ ಗೋವಿಂದ ರಾನಡೆಯವರು ಕಲಿಸಿದ್ದು ಸರ್ಕಾರಿ ವರದಿಗಳನ್ನು ಅಂಕಿ ಅಂಕಿಯಾಗಿ ಓದುವ ವಿದ್ಯೆ. 1902ರ ಮಾರ್ಚಿನಲ್ಲಿ ಕೇಂದ್ರ ಶಾಸನಸಭೆಯ ಮುಂಗಡಪತ್ರದ ಚರ್ಚೆಯಲ್ಲಿ ಅದು ಫಲ ಕೊಟ್ಟಿತು. ಕ್ಷಾಮದಿಂದ ಜನ ತತ್ತರಿಸುತ್ತಿರುವಾಗ ಖಜಾನೆಯಲ್ಲಿ ಹಣ ಮಿಗುವುದು ಸಂಪತ್ತಿನ ಗುರುತಲ್ಲ, ತೆರಿಗೆ ಅತಿಯಾಯಿತೆಂಬುದಕ್ಕೆ ಸಾಕ್ಷಿ ಎಂದು ಸರ್ಕಾರದ ಲೆಕ್ಕದಿಂದಲೇ ತೋರಿಸಿದರು. ಉಪ್ಪಿನ ತೆರಿಗೆ ಇಳಿಸಿ ಎಂದು ಒತ್ತಾಯಿಸಿದರು. 1903ರಿಂದ ಅದು ಹಂತಹಂತವಾಗಿ ಇಳಿಯಿತು.

ತೊಡಕು ಇರುವುದು ಬೇರೆ ಕಡೆ. ಸೊಸೈಟಿಯ ನಿಯಮಾವಳಿಯ ಪೀಠಿಕೆಯಲ್ಲೇ ಬ್ರಿಟಿಷ್ ಸಂಬಂಧವನ್ನು ಭಾರತದ ಒಳಿತಿಗಾಗಿ ಒದಗಿದ ದೈವಸಂಕಲ್ಪವೆಂದು ಒಪ್ಪಲಾಗಿತ್ತು. ಆತ್ಮಶಿಸ್ತನ್ನು ಕೊಟ್ಟ ಶ್ರದ್ಧೆಯೇ ಇತಿಹಾಸಕ್ಕೆ ವ್ಯಾಖ್ಯಾನ ಬರೆಯಲು ಹೊರಟಾಗ ಎಡವಿತು. ಆಳುವವರ ಮನಸ್ಸು ತರ್ಕಕ್ಕೆ ಕರಗುತ್ತದೆ, ಕಾದರೆ ನ್ಯಾಯ ಸಿಗುತ್ತದೆ ಎಂಬ ಭರವಸೆ ಹುಟ್ಟಿದ್ದು ಇಲ್ಲಿಂದಲೇ. ಈ ಭರವಸೆ ಗೋಖಲೆಯವರನ್ನು ಕೊನೆಯವರೆಗೂ ಬಿಡಲಿಲ್ಲ.

ಅದರ ಬೆಲೆ ತಿಳಿಯಬೇಕಾದರೆ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ನೋಡಬೇಕು. 1911ರಲ್ಲಿ ಅವರು ಮಂಡಿಸಿದ ಆ ಮಸೂದೆ ಕೇಳಿದ್ದು ಅತ್ಯಲ್ಪ: ಸ್ಥಳೀಯ ಸಂಸ್ಥೆಗಳು ಬಯಸಿದರೆ, ಸರ್ಕಾರದ ಒಪ್ಪಿಗೆ ಪಡೆದು, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಾಲೆ ಕಡ್ಡಾಯ ಮಾಡಬಹುದು. ಹೆಣ್ಣುಮಕ್ಕಳ ಸರದಿ ಆಮೇಲೆ. ಜನರಿಂದ ಇಂಥ ಬೇಡಿಕೆಯೇ ಬಂದಿಲ್ಲ ಎಂದು ಸರ್ಕಾರ ವಾದಿಸಿತು. 1912ರ ಮಾರ್ಚಿನಲ್ಲಿ 38ಕ್ಕೆ 13 ಮತಗಳಿಂದ ಮಸೂದೆ ಬಿದ್ದುಹೋಯಿತು. ಸರ್ಕಾರದ ವಾದ ಕುಟಿಲವಾಗಿತ್ತು. ಆದರೆ ಅದನ್ನು ಸುಳ್ಳು ಮಾಡಲು ಬೇಕಿದ್ದ ಲಕ್ಷಾಂತರ ತಂದೆತಾಯಿಗಳ ಕೂಗನ್ನು ಎಬ್ಬಿಸುವ ದಾರಿ ಗೋಖಲೆ ಪರಂಪರೆಗೆ ಗೊತ್ತಿರಲಿಲ್ಲ. ಯಾರಿಗಾಗಿ ಅಷ್ಟು ದುಡಿದರೋ ಅವರನ್ನು ಸಭಾಂಗಣದ ಹೊರಗೇ ಬಿಟ್ಟಿದ್ದರು. ಬ್ರಿಟಿಷ್ ಸರ್ಕಾರ ತಳ್ಳಿಹಾಕಿದ ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಪ್ರಾಥಮಿಕ ಶಿಕ್ಷಣ ಕಾನೂನು ಮಾಡಿತು.

ಕನ್ನಡದಲ್ಲಿ ಈ ಪರಂಪರೆಗೆ ಬೇರು ಕೊಟ್ಟವರು ಡಿ.ವಿ. ಗುಂಡಪ್ಪನವರು. ಗೋಖಲೆಯವರ ಜೀವನಚರಿತ್ರೆ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ರಾಜ್ಯಶಾಸ್ತ್ರವನ್ನೂ ಗೀತೆಯನ್ನೂ ಒಂದೇ ಸೂರಿನಡಿ ಓದಿಸಿದರು. ಪ್ರಜೆ ತಿಳಿದವನಾಗದೆ ಪ್ರಜಾಪ್ರಭುತ್ವ ನಡೆಯದು ಎಂಬ ಅವರ ಕಾಳಜಿ ಇಂದಿಗೂ ಹಳತಾಗಿಲ್ಲ. ಆದರೂ ಹೊಲಗದ್ದೆಯ, ಕಾರ್ಖಾನೆಯ ಕನ್ನಡಿಗ ಆ ಓದುಕೊಠಡಿಯತ್ತ ಬರುವುದು ಕಷ್ಟವಿತ್ತು. ಗೋಖಲೆಯವರ ಮಿತಿ ಇಲ್ಲೂ ಮುಂದುವರಿಯಿತು.

ಆ ಮಿತಿಯನ್ನು ಮೀರಿದವರೂ ಸೊಸೈಟಿಯೊಳಗೇ ಇದ್ದರು. ಮುಂಬಯಿ ನಗರಸಭೆಯ ಎಂಜಿನಿಯರ್ ಕೆಲಸ ಬಿಟ್ಟು 1914ರಲ್ಲಿ ಸೇರಿದ ಅಮೃತಲಾಲ್ ಠಕ್ಕರ್ ಗುಜರಾತಿನ ಭೀಲರ ನಡುವೆ ಹೋಗಿ ನೆಲೆಸಿ ದುಡಿದರು. ಎನ್.ಎಂ. ಜೋಶಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ, 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದರು. ಇಬ್ಬರೂ ತೊಟ್ಟದ್ದು ಗೋಖಲೆ ವಿಧಿಸಿದ ವ್ರತಗಳನ್ನೇ. ಆದರೆ ಶಾಸನಸಭೆಯ ಒಪ್ಪಿಗೆಗಾಗಿ ಕಾಯಲಿಲ್ಲ.